ಸುರಂಗದ ನೀರು, ಗಬ್ಬದ ಗಪ್ಪಿ

ಪ್ರಶ್ನೆ: ನಮ್ಮದು ಕಾಸರಗೋಡಿನ ಬಾಯಾರು ಕಡೆ. ಓಣಂ ರಜೆಯಲ್ಲಿ ಮಗನ ಹಟಕ್ಕೆ ಒಂದೂವರೆ ಅಡಿಯ ಗಾಜಿನ ಟ್ಯಾಂಕ್ ಮತ್ತು ಆರು ಗಪ್ಪಿ ಮೀನು ತಂದೆವು. ನಾಲ್ಕು ಗಂಡು, ಎರಡು ಹೆಣ್ಣು. ನೀರು ಮನೆಯ ಸುರಂಗದ್ದು, ಗುಡ್ಡಕ್ಕೆ ಅಡ್ಡ ಕೊರೆದದ್ದು. ಒಂದು ಹೆಣ್ಣಿನ ಹೊಟ್ಟೆ ದೊಡ್ಡದಾದಾಗ ಅಂಗಡಿಯವರು ಹೇಳಿದ ಹಾಗೆ ಬ್ರೀಡಿಂಗ್ ಬಾಕ್ಸಿಗೆ, ಅಂದರೆ ಮರಿ ಹಾಕಿಸುವ ಸಣ್ಣ ಡಬ್ಬಿಗೆ, ಹಾಕಿದೆ. ಐದನೇ ದಿನ ಎಂಟು ಮರಿ ಹಾಕಿತು. ಕೆಲವಕ್ಕೆ ಹೊಟ್ಟೆಯ ಅಡಿಯಲ್ಲಿ ಹಳದಿ ಗುಂಡಿನ ಹಾಗೆ ಏನೋ ಇತ್ತು. ಮರಿ ಎಲ್ಲ ಸತ್ತವು, ಮರುದಿನ ತಾಯಿಯೂ ಸತ್ತಿತು. ಈಗ ಎರಡನೇ ಹೆಣ್ಣಿನ ಹೊಟ್ಟೆ ದೊಡ್ಡದಾಗಿದೆ. ಅದು ನಿಂತಲ್ಲೇ ಮೈ ತೊನೆಯುತ್ತದೆ, ಮುಂದೆ ಹೋಗುವುದೇ ಇಲ್ಲ. ಉಪ್ಪು ಹಾಕಲಾ, ನೀಲಿ ಮದ್ದು ಹಾಕಲಾ? ಮರಿ ಜಾಸ್ತಿಯಾದರೆ ತೋಟದ ಕೆರೆಗೆ ಬಿಡಬಹುದಾ?

ಉತ್ತರ: ಅಕ್ಕ, ಮೊದಲು ಆ ನೀಲಿ ಮದ್ದಿನ ಬಾಟಲಿಯ ಮುಚ್ಚಳ ಹಾಕಿ ಕಪಾಟಿನಲ್ಲಿಡಿ. ಬ್ರೀಡಿಂಗ್ ಬಾಕ್ಸನ್ನೂ ಅದರ ಪಕ್ಕದಲ್ಲೇ ಇಡಿ. ಆಮೇಲೆ ಮಾತಾಡುವ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ನನಗೆ ಕಂಡದ್ದು ಮೂರು ವಿಷಯ. ಸುರಂಗದ ನೀರು, ನಾಲ್ಕು ಗಂಡು, ಮತ್ತೆ ಆ ಐದು ದಿನದ ಬಾಕ್ಸ್. ಗಬ್ಬ ನಿಲ್ಲುವುದು ಗಪ್ಪಿಗೆ ಹೊಸದೇನಲ್ಲ. ಆರೋಗ್ಯ ಸರಿಯಿರುವ ಹೆಣ್ಣು 21ರಿಂದ 30 ದಿನಕ್ಕೊಮ್ಮೆ ಮರಿ ಹಾಕುತ್ತಲೇ ಇರುತ್ತದೆ. ಒಮ್ಮೆ ಗಂಡಿನ ಜೊತೆ ಸೇರಿದರೆ ಆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು, ಗಂಡು ಇಲ್ಲದೆಯೂ ಮತ್ತೆ ಮತ್ತೆ ಗಬ್ಬ ನಿಲ್ಲುತ್ತದೆ. ಹಾಗಾಗಿ ಅಂಗಡಿಯಿಂದ ತರುವ ದೊಡ್ಡ ಹೆಣ್ಣು ಗಪ್ಪಿ ಹೆಚ್ಚುಕಡಿಮೆ ಯಾವಾಗಲೂ ಗಬ್ಬದ್ದೇ.

ಆದರೆ ಒಂದು ಮಾತು. ಬರೀ ಮೀನು ಹೇಗೋ ತಡೆದುಕೊಳ್ಳುವ ತೊಂದರೆಯನ್ನು ಗಬ್ಬದ ಮೀನು ತಡೆದುಕೊಳ್ಳುವುದಿಲ್ಲ. ಹೊಟ್ಟೆಯೊಳಗಿನ ಮರಿಗಳಿಗೆ ತಿನ್ನಲು ಮೊಟ್ಟೆಯ ಹಳದಿ ಉಂಟು, ಉಸಿರಿಗೆ ಮಾತ್ರ ತಾಯಿಯೇ ಗತಿ. ತನ್ನದೂ ಸೇರಿ ಇಪ್ಪತ್ತು ಮೂವತ್ತು ಜೀವಕ್ಕೆ ಬೇಕಾದ ಆಮ್ಲಜನಕವನ್ನು ಅದೇ ಎರಡು ಕಿವಿರಿನಿಂದ ಎಳೆಯಬೇಕು. ಮೇಲಿಂದ ಹೊಟ್ಟೆಯ ಭಾರ, ಬೇಗ ಓಡಲಿಕ್ಕೂ ಆಗುವುದಿಲ್ಲ. ನೀರು ಸ್ವಲ್ಪ ಕೆಟ್ಟರೂ ಮೊದಲು ಸಾಯುವುದು ಅದೇ. ಜನ ಅದನ್ನು ನೋಡಿ "ಹೆರಿಗೆಯಲ್ಲಿ ಹೋಯಿತು" ಅಂತಾರೆ.

ಈಗ ನೀರಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿನ ಮಟ್ಟಿಗೆ ಎಲ್ಲ ತೊಂದರೆಯ ಬುಡ ಇಲ್ಲೇ ಇರುವುದು.

ನಮ್ಮ ಗುಡ್ಡ ಎಲ್ಲ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಾಗ. ಸಾವಿರಾರು ವರ್ಷದ ಮಳೆ ಆ ಕಲ್ಲಿನೊಳಗಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ, ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅಂಥ ಕಲ್ಲಿನ ಒಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಜಿನುಗಿ ಬರುವ ನೀರು ಕುಡಿಯಲಿಕ್ಕೆ ಅಮೃತ, ಅದರಲ್ಲಿ ಎರಡು ಮಾತಿಲ್ಲ. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಆ ನೊರೆಯೇ ನಿಮಗೆ ಸಿಗುವ ಸೂಚನೆ: ನೀರು ಮೆತ್ತಗಿದೆ, ಅದರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ ಸ್ವಲ್ಪ ಹುಳಿ. ನಮ್ಮ ಸುರಂಗದ ನೀರನ್ನು ನಾನು ಅಳೆದಾಗ ಪಿಎಚ್ 5.8 ತೋರಿಸಿತು (7ಕ್ಕಿಂತ ಕೆಳಗಾದರೆ ಹುಳಿ), ಕರಗಿದ ಲವಣದ ಅಳತೆಯಾದ ಟಿಡಿಎಸ್ 30ರ ಆಚೀಚೆ.

ಗಪ್ಪಿಗೆ ಬೇಕಾದದ್ದು ಇದಕ್ಕೆ ಪೂರ್ತಿ ತಿರುಗುಮುರುಗು. ಪಿಎಚ್ 7ರಿಂದ 8, ನೀರು ಗಡಸು. ಅಳಿವೆಯ ಉಪ್ಪುನೀರಿನಲ್ಲೂ ಬದುಕುವ ಮೀನು ಅದು, ಆದರೆ ಮೆತ್ತಗಿನ ಹುಳಿ ನೀರು ಅಂದರೆ ಆಗದು. ಅಂಗಡಿಗೆ ಬರುವ ಬಣ್ಣದ ಗಪ್ಪಿಗಳಲ್ಲಿ ತುಂಬ ಚೆನ್ನೈಯ ಕೊಳತ್ತೂರಿನ ಕಡೆಯವು, ಅಲ್ಲಿ ಗಡಸು ಬೋರ್ ನೀರಿನಲ್ಲಿ ಬೆಳೆದವು. ಅಲ್ಲಿಂದ ತಂದು ನೇರ ಸುರಂಗದ ನೀರಿಗೆ ಬಿಟ್ಟರೆ ಏನಾಗುತ್ತದೆ? ಮೈಯೊಳಗಿನ ಉಪ್ಪಿನಂಶ ಕಿವಿರಿನ ಮೂಲಕ ಹೊರಗೆ ಸೋರುತ್ತದೆ, ನೀರು ಒಳಗೆ ನುಗ್ಗುತ್ತದೆ, ಮೀನು ಹಗಲೂ ರಾತ್ರಿ ಅದನ್ನು ಸರಿ ಮಾಡುವುದರಲ್ಲೇ ಸುಸ್ತಾಗುತ್ತದೆ. ಸುಸ್ತಾದ ಮೀನು ನಿಂತಲ್ಲೇ ತೊನೆಯುತ್ತದೆ. ರೆಕ್ಕೆ ಮುದುಡಿಕೊಂಡು, ಈಜುವ ಹಾಗೆ ಮೈ ಆಡಿಸುತ್ತದೆ, ಆದರೆ ಒಂದು ಇಂಚೂ ಮುಂದೆ ಹೋಗುವುದಿಲ್ಲ. ಗಪ್ಪಿ ಸಾಕುವವರು ಅದಕ್ಕೆ ಶಿಮ್ಮಿ ಅಂತ ಹೇಳುತ್ತಾರೆ. ನಿಮ್ಮ ಎರಡನೇ ಹೆಣ್ಣು ಮಾಡುತ್ತಿರುವುದು ಅದನ್ನೇ ಅಂತ ನನಗೆ ಕಾಣುತ್ತದೆ. ಅದು ಹೆರಿಗೆ ನೋವು ಅಲ್ಲ.

ಹಾಗಾದರೆ ಇವತ್ತೇ ಸುಣ್ಣ ಹಾಕಿ ಪಿಎಚ್ ಏರಿಸಿಬಿಡುವ ಅಂತ ಹೊರಡಬೇಡಿ. ಅದು ಇನ್ನೂ ಅಪಾಯ. ಹುಳಿ ನೀರಿನಲ್ಲಿ, ಅದರಲ್ಲೂ ಪಿಎಚ್ 6ಕ್ಕಿಂತ ಕೆಳಗೆ, ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಮೀನಿನ ಹೇಲು, ಉಳಿದ ಆಹಾರ, ಎಲ್ಲದರಿಂದ ಬರುವ ಅಮೋನಿಯ ಟ್ಯಾಂಕಿನಲ್ಲೇ ಸೇರಿಕೊಂಡಿರುತ್ತದೆ. ನೀರು ಹುಳಿ ಇರುವ ತನಕ ಅದು ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟು ವಿಷ ಅಲ್ಲ. ನೀವು ಸುಣ್ಣವನ್ನೋ ಸೋಡಾಪುಡಿಯನ್ನೋ ಸುರಿದು ಒಂದೇ ಗಂಟೆಯಲ್ಲಿ ಪಿಎಚ್ 8ಕ್ಕೆ ತಂದಿರಾ, ಅದೇ ಅಮೋನಿಯ ವಿಷವಾಗಿ ತಿರುಗಿ ಕಿವಿರು ಸುಡುತ್ತದೆ. ಸಂಜೆ ಸರಿ ಇದ್ದ ಮೀನು ಬೆಳಿಗ್ಗೆ ಬೆನ್ನು ಕೆಳಗೆ ಮಾಡಿ ತೇಲುತ್ತದೆ.

ಇದಕ್ಕೆ ಒಳ್ಳೆಯ ಮದ್ದು ನಮ್ಮ ಕರಾವಳಿಯಲ್ಲೇ ಉಂಟು. ಮರುವಾಯಿ ಚಿಪ್ಪು, ಅಂದರೆ ಕಪ್ಪೆಚಿಪ್ಪು. ಮನೆಯಲ್ಲಿ ಮರುವಾಯಿ ತಿನ್ನದಿದ್ದರೆ ಕುಂಬಳೆಯೋ ಮಂಜೇಶ್ವರವೋ ಕಡಲ ಬದಿಯಿಂದ ಹೆಕ್ಕಿ ತನ್ನಿ. ಚೆನ್ನಾಗಿ ಉಜ್ಜಿ ತೊಳೆದು, ಕುದಿಸಿ, ಬಿಸಿಲಿಗೆ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಕಲ್ಲಿನಿಂದ ಜಜ್ಜಿ. ಒಂದು ಮುಷ್ಟಿ ಚೂರನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವ ಜಾಗದಲ್ಲಿ ಇಡಿ. ಹುಳಿ ನೀರು ಚಿಪ್ಪನ್ನು ನಿಧಾನ ಕರಗಿಸುತ್ತದೆ, ನೀರಿನ ಹುಳಿ ಕಡಿಮೆಯಾದಂತೆ ಕರಗುವುದೂ ಕಡಿಮೆಯಾಗುತ್ತದೆ. ಜಾಸ್ತಿ ಆಗಿ ಹಾಳಾಗುವ ಹೆದರಿಕೆ ಇಲ್ಲ. ಇದೇ ಚಿಪ್ಪನ್ನು ಸುಟ್ಟರೆ ಎಲೆಯಡಿಕೆಯ ಸುಣ್ಣ, ಅದು ಬೇರೆಯೇ ವಸ್ತು, ಅದು ಟ್ಯಾಂಕಿನ ಹತ್ತಿರವೂ ಬರುವುದು ಬೇಡ.

ಇನ್ನೊಂದು ಬಕೆಟಿನಲ್ಲಿ ಸುರಂಗದ ನೀರು ತುಂಬಿ, ಅದಕ್ಕೂ ಒಂದು ಮುಷ್ಟಿ ಚಿಪ್ಪಿನ ಚೂರು ಹಾಕಿ, ಏರ್ ಪಂಪಿನ ಕೊಳವೆ ಬಿಟ್ಟು ಎರಡು ದಿನ ಇಡಿ. ಟ್ಯಾಂಕಿನ ನೀರು ಬದಲಿಸುವಾಗ ಅದನ್ನೇ ಬಳಸಿ. ನಿಮ್ಮ ಟ್ಯಾಂಕಿನಲ್ಲಿ 30 ಲೀಟರ್ ಇರಬಹುದು. ಎರಡು ದಿನಕ್ಕೊಮ್ಮೆ 3-4 ಲೀಟರ್ ತೆಗೆದು ಅಷ್ಟೇ ಹಾಕಿ. ಹತ್ತು ಹನ್ನೆರಡು ದಿನ ಹೀಗೆ ಮಾಡಿದರೆ ನೀರು ಮೀನಿಗೆ ಗೊತ್ತೇ ಆಗದ ಹಾಗೆ ಬದಲಾಗಿರುತ್ತದೆ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ಸಾಕು. ಗಬ್ಬದ ಮೀನು ಇರುವಾಗ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ತೊಳೆಯುವ ಕೆಲಸ ಮಾತ್ರ ಬೇಡವೇ ಬೇಡ. ತಣ್ಣಗಿನ ಹೊಸ ನೀರು ಒಮ್ಮೆಲೇ ಸುರಿದರೆ ದಿನ ತುಂಬುವ ಮೊದಲೇ ಮರಿ ಹಾಕುವುದುಂಟು.

ಉಪ್ಪಿನ ಬಗ್ಗೆ ಕೇಳಿದ್ದೀರಿ. ಹಾಕಬಹುದು, ಸ್ವಲ್ಪ. ಲೀಟರಿಗೆ 1 ಗ್ರಾಂ, ಅಂದರೆ ನಿಮ್ಮ ಟ್ಯಾಂಕಿಗೆ 30 ಗ್ರಾಂ ಕಲ್ಲುಪ್ಪು. ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ, ಮೂರು ಭಾಗ ಮಾಡಿ, ಒಂದು ದಿನದಲ್ಲಿ ಮೂರು ಸಲ ಹಾಕಿ. ತೊನೆಯುವ ಮೀನಿಗೆ ಇದರಿಂದ ಆರಾಮ ಸಿಗುತ್ತದೆ. ಆದರೆ ಉಪ್ಪಿನಿಂದ ನೀರು ಗಡಸಾಗುವುದಿಲ್ಲ, ಆ ಕೆಲಸ ಚಿಪ್ಪಿನದ್ದೇ. ಮತ್ತೆ ಉಪ್ಪು ಆವಿಯಾಗಿ ಹೋಗುವುದೂ ಇಲ್ಲ. ನೀರು ಕಡಿಮೆಯಾಯಿತು ಅಂತ ಪ್ರತಿ ಸಲ ಉಪ್ಪುನೀರೇ ಹಾಕುತ್ತಾ ಹೋದರೆ ಕೊನೆಗೆ ಕಡಲೇ ಆದೀತು. ತೆಗೆದ ನೀರಿಗೆ ಎಷ್ಟೋ ಅಷ್ಟೇ ಲೆಕ್ಕ.

ನೀಲಿ ಮದ್ದು ಯಾಕೆ ಬೇಡ ಅಂದರೆ, ಅದು ಹೆಚ್ಚಾಗಿ ಮೆಥಿಲೀನ್ ಬ್ಲೂ. ಬೂಸಲಿಗೆ ಒಳ್ಳೆಯದೇ, ಆದರೆ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಏಟು ಕೊಡುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಅವು ಮೊದಲೇ ಅರೆಜೀವ. ಕೆಲವು ಬಾಟಲಿಯಲ್ಲಿ ತಾಮ್ರ ಇರುತ್ತದೆ, ಮೆತ್ತಗಿನ ಹುಳಿ ನೀರಿನಲ್ಲಿ ತಾಮ್ರದ ವಿಷ ಇನ್ನೂ ಜಾಸ್ತಿ.

ತಾಮ್ರ ಅಂದಾಗ ನನ್ನದೇ ಒಂದು ಕತೆ ಹೇಳಬೇಕು. ಗಪ್ಪಿ ಸಾಕಲು ಶುರು ಮಾಡಿದ ಎರಡನೇ ವರ್ಷ, ಆಟಿ ತಿಂಗಳು, ಜಡಿಮಳೆ. ನೀರು ಬದಲಿಸಲು ಕೈಗೆ ಸಿಕ್ಕಿದ ಬಕೆಟ್ ತೆಗೆದುಕೊಂಡೆ. ಅಡಿಕೆಗೆ ಮದ್ದು ಬಿಡುವವರು ಹಿಂದಿನ ವಾರ ಅದರಲ್ಲಿ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಕರಗಿಸಿದ್ದರು. ತೊಳೆದೇ ಇಟ್ಟಿದ್ದರು ಮಾರಾಯ್ರೆ, ಆದರೆ ಹಿಡಿಕೆಯ ಬುಡದಲ್ಲಿ ನೀಲಿ ಪಸೆ ಉಳಿದಿತ್ತು. ಮರುದಿನ ಬೆಳಿಗ್ಗೆ ಹನ್ನೊಂದು ಗಪ್ಪಿ ಸತ್ತಿದ್ದವು. ಅದರಲ್ಲಿ ಏಳು ಗಬ್ಬದ್ದು. ಅದೇ ಟ್ಯಾಂಕಿನ ಗಂಡುಗಳು ಅರ್ಧಕ್ಕರ್ಧ ಉಳಿದಿದ್ದವು, ಅದನ್ನು ನೋಡಿಯೇ ನನಗೆ ಗಬ್ಬದ ಮೀನಿನ ಸೂಕ್ಷ್ಮ ಗೊತ್ತಾದದ್ದು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು ಹಾಕಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಮನೆ ನಮ್ಮವು. ಮೀನಿಗೆ ಅಂತ ಒಂದು ಬಕೆಟ್, ಒಂದು ಚೆಂಬು ಬೇರೆಯೇ ಇಡಿ, ಅದರ ಮೇಲೆ ಪೈಂಟಿನಲ್ಲಿ ಮೀನಿನ ಚಿತ್ರ ಬರೆಯಲು ಮಗನಿಗೆ ಹೇಳಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಬಾವಿ ನೀರನ್ನೂ ನೇರ ಹಾಕಬೇಡಿ. ಬಕೆಟಿನಲ್ಲಿ ಗಾಳಿ ಬಿಟ್ಟು ಒಂದೆರಡು ದಿನ ಇಡಿ, ಇಲ್ಲದಿದ್ದರೆ ಅಂಗಡಿಯ ಆಂಟಿ ಕ್ಲೋರಿನ್ ಹಾಕಿ.

ಇನ್ನು ಬಾಕ್ಸ್. ನನಗೆ ಅದನ್ನು ಕಂಡರೇ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಲೀಟರ್ ನೀರು ಹಿಡಿಯುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊಟ್ಟೆ ತುಂಬಿದ ಮೀನನ್ನು ಐದು ದಿನ ಇಟ್ಟರೆ ಅದು ಗಾಬರಿಯಲ್ಲಿ ಗೋಡೆಗೆ ಮೂತಿ ಬಡಿದುಕೊಳ್ಳುತ್ತದೆ. ಒಳಗೆ ನೀರು ಸರಿಯಾಗಿ ಆಡುವುದಿಲ್ಲ, ಆಮ್ಲಜನಕ ಕಡಿಮೆ. ಹೆದರಿದ ಮೀನು ಒಂದೋ ಹೆರಿಗೆಯನ್ನು ತಡೆದು ಹಿಡಿಯುತ್ತದೆ, ಇಲ್ಲದಿದ್ದರೆ ದಿನ ತುಂಬುವ ಮೊದಲೇ ಹಾಕಿಬಿಡುತ್ತದೆ. ನಿಮ್ಮ ಮರಿಗಳ ಹೊಟ್ಟೆಯಡಿ ಇದ್ದ ಹಳದಿ ಗುಂಡು ಮೊಟ್ಟೆಯ ಹಳದಿಯೇ. ದಿನ ತುಂಬಿದ ಮರಿಯಲ್ಲಿ ಅದು ಪೂರ್ತಿ ಕರಗಿರುತ್ತದೆ. ಅದು ಕಂಡಿತು ಅಂದರೆ ಮರಿ ಬೇಗ ಹುಟ್ಟಿದೆ. ತಾಯಿ ಮೊದಲೇ ಹುಳಿ ನೀರಿನಲ್ಲಿ ಸುಸ್ತಾಗಿತ್ತು, ಬಾಕ್ಸ್ ಉಳಿದದ್ದನ್ನು ಮುಗಿಸಿತು. ನಿಮ್ಮ ತಪ್ಪಲ್ಲ, ಅಂಗಡಿಯವರು ಹೇಳಿದ್ದನ್ನೇ ಮಾಡಿದ್ದೀರಿ.

ತಾಯಿಯನ್ನು ತೆಗೆಯುವ ಬದಲು ಗಂಡುಗಳನ್ನು ತೆಗೆಯಿರಿ. ಒಂದು ಗಂಡಿಗೆ ಎರಡೋ ಮೂರೋ ಹೆಣ್ಣು ಇರಬೇಕು, ನಿಮ್ಮಲ್ಲಿ ಈಗ ಒಂದು ಹೆಣ್ಣಿನ ಹಿಂದೆ ನಾಲ್ಕು ಗಂಡು. ಬಣ್ಣ ಇರುವುದು ಗಂಡಿಗೆ ಅಂತ ಎಲ್ಲರೂ ಹೀಗೇ ತರುತ್ತಾರೆ. ಅವು ಬೆಳಗಿನಿಂದ ದೀಪ ಆರುವ ತನಕ ಅದನ್ನು ಅಟ್ಟಿಸಿಕೊಂಡು ಹೋಗುತ್ತವೆ, ಉಣ್ಣಲು ಬಿಡುವುದಿಲ್ಲ, ನಿಲ್ಲಲು ಬಿಡುವುದಿಲ್ಲ. ಮರಿ ಹಾಕಿದ ಮೇಲಂತೂ ಕಾಟ ಇನ್ನೂ ಜಾಸ್ತಿ, ಯಾಕೆಂದರೆ ಹೆಣ್ಣು ಮತ್ತೆ ಗಬ್ಬ ನಿಲ್ಲಲು ತಯಾರಾಗುವುದು ಆಗಲೇ. ತುಂಬ ಕಡೆ ತಾಯಿ ಸಾಯುವುದು ಹೆರಿಗೆಯಾದ ಮರುದಿನ, ಸುಸ್ತು ಮತ್ತು ಈ ಕಾಟ ಎರಡೂ ಸೇರಿ. ನಾಲ್ಕೂ ಗಂಡನ್ನು ಇವತ್ತೇ ಟ್ಯಾಂಕಿನದ್ದೇ ನೀರು ಹಾಕಿದ ದೊಡ್ಡ ಬಕೆಟಿಗೆ ಬಿಡಿ, ಗಾಳಿಯ ಕೊಳವೆಯನ್ನೂ ಹಾಕಿ. ಆಮೇಲೆ ಒಂದನ್ನು ಇಟ್ಟುಕೊಂಡು ಮೂರನ್ನು ಯಾರಿಗಾದರೂ ಕೊಡಿ, ಇಲ್ಲದಿದ್ದರೆ ಇನ್ನೂ ಐದಾರು ಹೆಣ್ಣು ತನ್ನಿ, ಅದಕ್ಕೆ ದೊಡ್ಡ ಟ್ಯಾಂಕ್ ಬೇಕು.

ತಾಯಿ ಇರುವ ಟ್ಯಾಂಕಿಗೆ ಜಾವಾ ಮಾಸ್ ಅಥವಾ ಹೈಡ್ರಿಲ್ಲದಂಥ ನೀರಿನ ಗಿಡ ದಟ್ಟವಾಗಿ ಹಾಕಿ. ತೋಡಿನಿಂದ ತಂದ ಗಿಡವಾದರೆ ತೊಳೆದು, ಬೇರೆ ಪಾತ್ರೆಯಲ್ಲಿ ಒಂದು ವಾರ ಇಟ್ಟು ಹುಳ ಹುಪ್ಪಟೆ ನೋಡಿ ಹಾಕಿ. ತಾಯಿಗೆ ಮರೆ, ಮರಿಗೆ ಅಡಗಲು ಜಾಗ. ತಾಯಿ ಕೆಲವು ಮರಿ ತಿನ್ನಬಹುದು. ತಿನ್ನಲಿ ಬಿಡಿ, ಮೂವತ್ತರಲ್ಲಿ ಹತ್ತು ಉಳಿದರೂ ನಿಮ್ಮ ಟ್ಯಾಂಕಿಗೆ ಅದೇ ಜಾಸ್ತಿ.

ಹೆರಿಗೆ ಹತ್ತಿರ ಬಂತು ಅಂತ ಗೊತ್ತಾಗುವುದು ಹೀಗೆ. ಹೊಟ್ಟೆಯ ಹಿಂದಿನ ಕಪ್ಪು ಕಲೆ ದೊಡ್ಡದಾಗುತ್ತದೆ, ತಿಳಿ ಬಣ್ಣದ ಮೀನಾದರೆ ಬೆಳಕಿಗೆ ಹಿಡಿದಾಗ ಒಳಗೆ ಮರಿಗಳ ಕಣ್ಣು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ. ದುಂಡಗಿದ್ದ ಹೊಟ್ಟೆ ಎದುರಿನಿಂದ ಪೆಟ್ಟಿಗೆಯ ಹಾಗೆ ಚೌಕವಾಗುತ್ತದೆ. ಮೂಲೆ ಹಿಡಿಯುತ್ತದೆ, ಒಂದು ಹೊತ್ತು ತಿನ್ನುವುದಿಲ್ಲ. ಇದೆಲ್ಲ ಸರಿಯೇ. ನಾನು ಮೊದಲ ಸಲ ಹೆರಿಗೆ ನೋಡಿದ್ದು ಬೆಳಗ್ಗಿನ ಜಾವ, ಟಾರ್ಚ್ ಹಿಡಿದುಕೊಂಡು. ಮರಿ ಎರಡಾಗಿ ಮಡಚಿಕೊಂಡು ಹೊರಗೆ ಬಂತು, ಒಂದು ಅಕ್ಕಿ ಕಾಳಿನಷ್ಟು. ಕಲ್ಲಿನ ಹಾಗೆ ಕೆಳಗೆ ಇಳಿಯಿತು. ಸತ್ತೇ ಹುಟ್ಟಿದೆ ಅಂದುಕೊಂಡೆ. ಅಷ್ಟರಲ್ಲಿ ಬಿಚ್ಚಿಕೊಂಡು, ಒಮ್ಮೆ ಕೊಡವಿ, ಸೀದಾ ಮೇಲಕ್ಕೆ ಹೋಗಿ ಪಾಚಿಯ ಒಳಗೆ ನುಗ್ಗಿತು. ತಾಯಿ ತಿರುಗಿ ನೋಡುವಷ್ಟರಲ್ಲಿ ಎರಡನೆಯದು. ಒಂದೊಂದಕ್ಕೆ ಕೆಲವು ನಿಮಿಷ ಬಿಟ್ಟು ಬಿಟ್ಟು, ಕೆಲವು ಗಂಟೆ ನಡೆಯುತ್ತದೆ. ಆ ಹೊತ್ತಿನಲ್ಲಿ ದೀಪ ಹಾಕಬೇಡಿ, ಗಾಜು ತಟ್ಟಬೇಡಿ. ಮರಿ ಅರ್ಧ ಹೊರಗೆ ಬಂದು ಸಿಕ್ಕಿಕೊಂಡರೂ ಹೊಟ್ಟೆ ಒತ್ತಿ ತೆಗೆಯಲು ಹೋಗಬೇಡಿ, ಒಳಗೆ ಹರಿದು ತಾಯಿ ಖಂಡಿತ ಸಾಯುತ್ತದೆ. ಕತ್ತಲೆ ಮಾಡಿ, ಗಾಳಿ ಜಾಸ್ತಿ ಬಿಟ್ಟು ಕಾಯುವುದೇ ದಾರಿ.

ಹೊಟ್ಟೆ ದೊಡ್ಡದಾದದ್ದೆಲ್ಲ ಗಬ್ಬ ಅಲ್ಲ, ಇದನ್ನೂ ನೋಡಿಕೊಳ್ಳಿ. ಮೀನನ್ನು ಮೇಲಿನಿಂದ ನೋಡಿ. ಮೈಯ ಹುರುಪೆ ಹಲಸಿನಕಾಯಿಯ ಮುಳ್ಳಿನ ಹಾಗೆ ಎದ್ದು ನಿಂತಿದ್ದರೆ ಅದು ಡ್ರಾಪ್ಸಿ, ಒಳಗೆ ನೀರು ತುಂಬಿದ್ದು. ಕಿಡ್ನಿ ಕೆಟ್ಟಿರುತ್ತದೆ, ಬದುಕುವುದು ಅಪರೂಪ. ಬೇರೆ ಮಾಡಿ ಇಡಿ. ಹೊಟ್ಟೆ ಉಬ್ಬಿ, ಬಿಳಿ ದಾರದಂಥ ಹೇಲು ನೇತಾಡಿದರೆ ಹೊಟ್ಟೆಯೊಳಗಿನ ತೊಂದರೆ. ಎರಡು ದಿನ ಉಪವಾಸ ಹಾಕಿ, ಆಮೇಲೆ ಬೇಯಿಸಿದ ಬಟಾಣಿಯ ಸಿಪ್ಪೆ ತೆಗೆದು ಚೂರು ಕೊಡಿ. ಹಿಂದಿನಿಂದ ಕೆಂಪು ನೂಲಿನಂಥದ್ದು ಇಣುಕಿದರೆ ಅದು ಹುಳ, ಪಶುವೈದ್ಯರನ್ನು ಕೇಳಿ ಹುಳದ ಮದ್ದು ಹಾಕಬೇಕಾಗುತ್ತದೆ. ಬಾಯಿಯ ಸುತ್ತ ಅಥವಾ ಬೆನ್ನ ಮೇಲೆ ಬೂದು ಬಿಳಿ ತೇಪೆ ಕಂಡರೆ ಬೂಸಲು ಅಂತ ಬಿಡಬೇಡಿ. ಅದು ಕಾಲಮ್ನಾರಿಸ್ ಎನ್ನುವ ಬ್ಯಾಕ್ಟೀರಿಯಾ ಇರಬಹುದು, ಬಿಸಿ ನೀರಿನಲ್ಲಿ ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತದೆ. ನೀರು ಬಿಸಿಯಿದ್ದರೆ ನಿಧಾನ ತಣ್ಣಗೆ ಮಾಡಿ, ಮೀನನ್ನು ಬೇರೆ ಇಡಿ. ಮೀನು ದಿನದಿಂದ ದಿನಕ್ಕೆ ಬಡಕಲಾಗಿ ಬೆನ್ನು ಬಾಗಿದರೆ ಮೀನಿನ ಟಿಬಿ ಇರಬಹುದು, ಕೈಯಲ್ಲಿ ಗಾಯ ಇರುವಾಗ ಆ ನೀರಿಗೆ ಕೈ ಹಾಕಬೇಡಿ, ನಮ್ಮ ಚರ್ಮಕ್ಕೂ ಅಂಟುತ್ತದೆ.

ಆಹಾರ ದಿನಕ್ಕೆ ಎರಡು ಮೂರು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಗಬ್ಬ ಅಂತ ಬಾಣಂತಿಗೆ ಬಡಿಸಿದ ಹಾಗೆ ಸುರಿಯಬೇಡಿ. ನುಸಿಯ, ಅಂದರೆ ಸೊಳ್ಳೆಯ, ಮರಿ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಸೆಖೆಗಾಲಕ್ಕೆ ಇನ್ನೂ ಸಮಯ ಉಂಟು, ಆದರೂ ಹೇಳಿಡುತ್ತೇನೆ. ಗಪ್ಪಿಗೆ 24ರಿಂದ 28 ಡಿಗ್ರಿ ಹಿತ. ಏಪ್ರಿಲಿನಲ್ಲಿ ಶೀಟಿನ ಮಾಡಿನ ಕೆಳಗೆ 32 ದಾಟುತ್ತದೆ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 32ಕ್ಕೆ 7.3 ಮಾತ್ರ. ಬರೀ ಮೀನಿಗೆ ಅದು ಸಾಕಾದೀತು, ಹೊಟ್ಟೆ ತುಂಬಿದ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ತೆಂಗಿನ ಮಡಲು ಬಿದ್ದು ಕರೆಂಟು ಹೋದರೂ ಅದೇ ಕತೆ. ಬ್ಯಾಟರಿಯ ಏರ್ ಪಂಪ್ ಒಂದು ತಂದಿಡಿ. ಅದೂ ಇಲ್ಲದಿದ್ದರೆ ಚೆಂಬಿನಲ್ಲಿ ಟ್ಯಾಂಕಿನ ನೀರನ್ನೇ ತೆಗೆದು ಒಂದಡಿ ಮೇಲಿನಿಂದ ನಿಧಾನ ಹೊಯ್ಯಿರಿ, ಹತ್ತಿಪ್ಪತ್ತು ಸಲ, ಗಂಟೆಗೊಮ್ಮೆ. ಮಗನಿಗೆ ಈ ಕೆಲಸ ಖುಷಿ.

ಕೊನೆಯ ಪ್ರಶ್ನೆ, ತೋಟದ ಕೆರೆ. ಬೇಡ ಅಕ್ಕ. ನುಸಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರೇ ಗಪ್ಪಿ ಬಿಡುತ್ತಾರಲ್ಲ ಅಂತ ನೀವು ಕೇಳಬಹುದು. ಮುಚ್ಚಿದ ತೊಟ್ಟಿ, ಹೊರಗೆ ಹರಿಯದ ಬಾವಿ, ಅಂಥ ಕಡೆ ಸರಿ. ತೋಟದ ಕೆರೆ ಆಟಿಯಲ್ಲಿ ತುಂಬಿ ತೋಡಿಗೆ ಹರಿಯುತ್ತದೆ, ಅಲ್ಲಿಂದ ಹೊಳೆಗೆ. ನಮ್ಮ ತೋಡಿನ ಸಣ್ಣ ಮೀನುಗಳ ಮೊಟ್ಟೆ ಮರಿಗಳನ್ನೂ ಗಪ್ಪಿ ತಿನ್ನುತ್ತದೆ, ದಕ್ಷಿಣ ಅಮೆರಿಕದ ಮೀನು ಅದು, ಇಲ್ಲಿಯದಲ್ಲ. ಜಾಸ್ತಿಯಾದ ಮರಿಗಳನ್ನು ಮಗನ ಶಾಲೆಯ ಮಕ್ಕಳಿಗೆ ಕೊಡಿ, ಕೊಡುವಾಗ ಒಂದು ಮುಷ್ಟಿ ಚಿಪ್ಪಿನ ಚೂರನ್ನೂ ಕೊಡಿ. ಯಾರಿಗೂ ಬೇಡದಿದ್ದರೆ ಮರಿಗೆ ಒಂದು ತಿಂಗಳಾಗುವ ಹೊತ್ತಿಗೆ ಗಂಡು ಹೆಣ್ಣು ಬೇರೆ ಮಾಡಿ. ಅಣ್ಣ ತಂಗಿಯೇ ಸೇರಿ ಹುಟ್ಟಿದ ಮರಿಗಳು ಕೆಲವು ತಲೆಮಾರು ಕಳೆದರೆ ಬೆನ್ನು ಬಾಗಿ ಹುಟ್ಟಬಹುದು, ಅದೂ ಅಲ್ಲದೆ ಇನ್ನೂ ಬೆಳೆಯುತ್ತಿರುವ ಹೆಣ್ಣು ಗಬ್ಬ ನಿಂತರೆ ಮೊದಲ ಹೆರಿಗೆಗೇ ಸೊರಗಿಬಿಡುತ್ತದೆ.

ಈಗ ಗಂಡುಗಳನ್ನು ತೆಗೆದು, ಉಪ್ಪಿನ ಮೊದಲ ಭಾಗ ಹಾಕಿ. ಒಂದು ಪಿಎಚ್ ಪಟ್ಟಿಯ ಪ್ಯಾಕೆಟ್ ತರಿಸಿ, ಸುರಂಗದ ನೀರಿಗೂ ಟ್ಯಾಂಕಿನ ನೀರಿಗೂ ಬೇರೆ ಬೇರೆ ಅದ್ದಿ ನೋಡಿ. ಟ್ಯಾಂಕಿನದ್ದು ಸುರಂಗದ್ದಕ್ಕಿಂತಲೂ ಕೆಳಗೆ ತೋರಿಸಿದರೆ ನೀರು ಬದಲಿಸುವುದನ್ನು ಇನ್ನೂ ನಿಧಾನ ಮಾಡಿ, ಒಂದು ಸಲಕ್ಕೆ 2 ಲೀಟರ್ ಸಾಕು. ಹತ್ತು ದಿನ ಕಳೆದ ಮೇಲೂ ಅದು ತೊನೆಯುವುದು ನಿಲ್ಲದಿದ್ದರೆ ಆ ಎರಡೂ ಅಳತೆಯ ಜೊತೆ ಇನ್ನೊಮ್ಮೆ ಬರೆಯಿರಿ.